ಮರ ಕೊಟ್ಟಷ್ಟು

ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ಕ್ರಾಸ್ ದಾಟಿದರೆ ಬೆಂಗಳೂರು ಮುಗಿಯಿತು ಎಂದು ನಾವು ಅಂದುಕೊಳ್ಳುತ್ತಿದ್ದ ಕಾಲವೊಂದಿತ್ತು. ಅದು ತೊಂಬತ್ತರ ದಶಕದ ಆರಂಭ. ಬನಶಂಕರಿಯಲ್ಲಿ ಬಸ್ಸು ಹತ್ತಿದರೆ ಸಾರಕ್ಕಿ, ಯಲಚೇನಹಳ್ಳಿಯವರೆಗೆ ಮನೆಗಳು ಸಿಗುತ್ತಿದ್ದವು. ತಲಘಟ್ಟಪುರದ ಹೊತ್ತಿಗೆ ಎರಡೂ ಕಡೆ ರಾಗಿ ಹೊಲ, ಹುಣಸೆ ಮರ, ಬೋಳು ಬಂಡೆ. ತಾತಗುಣಿಯಲ್ಲಿ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿಯವರ ತೋಟ. ಆಮೇಲೆ ಕಗ್ಗಲೀಪುರ, ಸೋಮನಹಳ್ಳಿ, ಹಾರೋಹಳ್ಳಿ. ಹಾರೋಹಳ್ಳಿಯಲ್ಲಿ ಇಳಿದು ಮರಳವಾಡಿ ಕಡೆಗೆ ಇನ್ನೊಂದು ಬಸ್ಸು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ನಡಿಗೆಯೇ. ಟಾರು ಮುಗಿದ ಮೇಲೆ ಬಂಡಿ ಜಾಡು, ಜಾಡು ಮುಗಿಯುವಲ್ಲಿ ಬನ್ನೇರುಘಟ್ಟದ ಕಾಡಿನ ಅಂಚು. ಆ ಜಾಡಿನಲ್ಲಿ, ಅತ್ತ ಊರೂ ಅಲ್ಲದ ಇತ್ತ ಕಾಡೂ ಅಲ್ಲದ ಜಾಗದಲ್ಲಿ, ಹಳ್ಳದ ಪಕ್ಕದ ಈಚಲ ತೋಪಿನೊಳಗೆ ಒಂದು ಹೆಂಡದಂಗಡಿ ಇತ್ತು. ಅದು ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ನಡೆಸುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಆ ಕಡೆಯೇ ಬಾಳುತ್ತಿರುವುದರಿಂದ ಊರಿನ ಹೆಸರು ಬೇಡ.

ಜಯನಗರ, ಜೆ.ಪಿ. ನಗರದ ನಾವು ಕೆಲವು ಗೆಳೆಯರು ಓದು ಮುಗಿಸಿ ಆಗತಾನೆ ಕೆಲಸಕ್ಕೆ ಸೇರಿದ್ದೆವು. ಭಾನುವಾರ ಬಂತೆಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಸಾವನದುರ್ಗ, ಕಬ್ಬಾಳದುರ್ಗ, ಬಿಳಿಕಲ್ ರಂಗಸ್ವಾಮಿ ಬೆಟ್ಟ, ಹೀಗೆ ಕಲ್ಲಿದ್ದ ಕಡೆಗೆಲ್ಲ ಕಾಲು ಹೋಗುತ್ತಿತ್ತು. ಬೆಟ್ಟ ಹತ್ತುವ ಉಮೇದು ಇಲ್ಲದ ದಿನ ಸುಮ್ಮನೆ ಆ ಕಾಡಂಚಿನ ಜಾಡು ಹಿಡಿದು ನಡೆಯುತ್ತಿದ್ದೆವು. ಬಿಸಿಲೇರಿದಾಗ ನೆರಳು, ನೀರು ಎರಡೂ ಸಿಗುತ್ತಿದ್ದುದು ಆ ತೋಪಿನಲ್ಲಿ. ಮೊದಮೊದಲು ಅಲ್ಲಿ ಕೂರುತ್ತಿದ್ದುದು ಅಷ್ಟಕ್ಕೇ.

ನಮ್ಮ ಮನೆಗಳಲ್ಲಿ ಹೆಂಡದ ಮಾತೇ ಇರಲಿಲ್ಲ. ನಮ್ಮ ಬಡಾವಣೆ ಹುಟ್ಟಿದ್ದೇ ಅಂಥ ಕಾಲದಲ್ಲಿ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದವರು ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ. ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದಾಗ, 1937ರಲ್ಲಿ, ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದವರೂ ಅವರೇ. ಆದರೂ ಹೆಂಡ ನಮ್ಮ ಮನೆಗಳಿಗೆ ಬೇರೊಂದು ದಾರಿಯಲ್ಲಿ ಬಂದಿತ್ತು. ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ತಾವು ಒಂದು ಹನಿ ಕುಡಿಯದೆ ಕುಡುಕ ರತ್ನನನ್ನು ಕನ್ನಡಕ್ಕೆ ಕೊಟ್ಟರು. ‘ರತ್ನನ್ ಪದಗಳು’ ನಮ್ಮ ತಾಯಂದಿರಿಗೂ ಬಾಯಿಪಾಠ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ ಹಾಡಿದ ಮೇಲಂತೂ ಗಣೇಶನ ಹಬ್ಬದ ಪೆಂಡಾಲಿನಲ್ಲಿ, ಮದುವೆ ಮನೆಯ ಸಂಜೆಯಲ್ಲಿ ರತ್ನ, ನಂಜಿ ಬರದೆ ಕಾರ್ಯಕ್ರಮ ಮುಗಿಯುತ್ತಿರಲಿಲ್ಲ. ರತ್ನ ಕೂರುತ್ತಿದ್ದ ಪಡಖಾನೆ ಹೇಗಿರುತ್ತದೆ, ಅಲ್ಲಿ ಯಾರು ಏನು ಮಾತಾಡುತ್ತಾರೆ ಎನ್ನುವ ಕುತೂಹಲ ನನಗೆ ಹತ್ತಿದ್ದು ಆ ಹಾಡುಗಳಿಂದ. ತೋಪಿನ ಅಂಗಡಿಯ ಜಗಲಿ ಮೇಲೆ ನಾನು ಕುಳಿತದ್ದು ಆ ಕುತೂಹಲದಿಂದ.

ಮೂರು ಕಡೆ ಮಣ್ಣಿನ ಗೋಡೆ, ಮೇಲೆ ಈಚಲ ಗರಿಯ ಹೊದಿಕೆ, ಮುಂದೆ ಚಪ್ಪಡಿ ಹಾಸಿದ ಜಗಲಿ. ಗೋಡೆಗೆ ಬಡಿದಿದ್ದ ತಗಡಿನ ಹಲಗೆಯ ಮೇಲೆ ಅಬಕಾರಿ ಇಲಾಖೆಯ ಪರವಾನಗಿಯ ವಿವರ. ಒಳಗೆ ಸೊಂಟದವರೆಗೆ ನೆಲದಲ್ಲಿ ಹೂತ ಎರಡು ಮಣ್ಣಿನ ಗುಡಾಣ, ಅವುಗಳ ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ. ಬಟ್ಟೆಯ ಮೇಲೆ ನೊರೆ, ನೊರೆಯ ಮೇಲೆ ಜೇನುನೊಣ. ಹುಳಿ ವಾಸನೆ ಜಾಡಿನವರೆಗೂ ಬರುತ್ತಿತ್ತು. ನಡೆಸುತ್ತಿದ್ದವರು ಈಡಿಗರ ಮನೆತನದ ಒಬ್ಬರು. ಎಲ್ಲರಿಗೂ ಅವರು ಯಜಮಾನ್ರು. ಮರ ಹತ್ತುವುದು, ಇಳಿಸುವುದು, ಅಳೆದು ಕೊಡುವುದು ಅವರ ಪಾಲು. ಹಿಂದಿನ ಒಲೆ ಅವರ ಹೆಂಡತಿಯದು. ಬೇಯಿಸಿದ ಹುರುಳಿ ಗುಗ್ಗರಿ, ಹುರಿದ ಕಡಲೆಕಾಯಿ, ಭಾನುವಾರ ಬೋಟಿ. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ಗುಗ್ಗರಿಗೆ ಅಕ್ಕ ಹಾಕುತ್ತಿದ್ದ ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆಯ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಒಮ್ಮೆ ಕೊನೆಯ ಬಸ್ಸು ತಪ್ಪಿ ಆ ಜಗಲಿಯ ಮೇಲೆಯೇ ಮಲಗಬೇಕಾಯಿತು. ಧನುರ್ಮಾಸದ ಚಳಿ. ಅಕ್ಕ ಎರಡು ಕಂಬಳಿ ಕೊಟ್ಟಿದ್ದರು. ಇನ್ನೂ ಕತ್ತಲಿರುವಾಗಲೇ ಯಜಮಾನ್ರು ಎದ್ದು ಸೊಂಟಕ್ಕೆ ಹಗ್ಗ ಸುತ್ತಿಕೊಂಡರು. ಬೆನ್ನ ಹಿಂದೆ ಬಾಗಿದ ಕತ್ತಿ, ಪಕ್ಕಕ್ಕೆ ಸೋರೆಬುರುಡೆ. ಹಗ್ಗವನ್ನು ಮರಕ್ಕೆ ಬಳಸಿ, ಹಿಂದಕ್ಕೆ ಜೋತು, ಅಂಗಾಲನ್ನು ಕಾಂಡದ ಗಂಟುಗಳಿಗೆ ಒತ್ತಿ ಒಂದೊಂದೇ ಮೊಳ ಮೇಲೇರಿದರು. ಮರದ ಸುಳಿಯ ಕೆಳಗೆ ಒಂದು ಬದಿಯ ಗರಿಗಳನ್ನು ಸವರಿ ಮೆತ್ತನೆಯ ಭಾಗ ಬಿಡಿಸಿದ್ದರು. ಅಲ್ಲಿ ಅಂಗೈಯಗಲದ ಗಾಯ, ಗಾಯದ ಕೆಳತುದಿಯಲ್ಲಿ ಒಂದು ಸಣ್ಣ ದೋಣಿ, ದೋಣಿಯಿಂದ ಗಡಿಗೆಗೆ ತೊಟ್ಟಿಕ್ಕುವ ರಸ. ಗಡಿಗೆ ಬರಿದು ಮಾಡಿ, ಗಾಯವನ್ನು ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಹೆರೆದು, ಬೇರೆ ಗಡಿಗೆ ಕಟ್ಟಿ ಇಳಿದರು. ಬುರುಡೆಯಿಂದ ಒಂದು ಲೋಟ ಬಗ್ಗಿಸಿ ನನ್ನ ಕೈಗೆ ಕೊಟ್ಟು, “ಈಗ್ಲೇ ಕುಡೀರಿ ಸ್ವಾಮಿ, ಹೊತ್ತು ಹುಟ್ಟಿದ್ಮೇಲೆ ಇದು ಬೇರೆ ಆಯ್ತದೆ” ಅಂದರು. ಅಷ್ಟು ತಣ್ಣಗಿನ, ಅಷ್ಟು ತಿಳಿಯಾದ ಸಿಹಿಯನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ಅದು ನೀರಾ.

ಅವರು ಹೇಳಿದ್ದು ಅಕ್ಷರಶಃ ನಿಜ. ಈಚಲ ರಸದಲ್ಲಿ ಸಕ್ಕರೆ ಹೇರಳ. ಗಾಳಿಯಲ್ಲಿ, ಗಡಿಗೆಯ ಮೈಯಲ್ಲಿ ಇರುವ ಯೀಸ್ಟ್ ಅದಕ್ಕೆ ತಾಗಿದ ಗಳಿಗೆಯಿಂದ ಹುಳಿಯುವುದು ಶುರು. ಗಡಿಗೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆ, ಬಳಿಯದಿದ್ದರೆ ಬಿಸಿಲೇರಿದಂತೆ ಸಿಹಿ ಹೋಗಿ ಖಾರ ಬರುತ್ತದೆ. ಮಧ್ಯಾಹ್ನಕ್ಕೆ ಅದು ಹೆಂಡ. ಮದ್ಯಸಾರ ಶೇ 4–5ರಷ್ಟು, ಅಂದರೆ ಬಿಯರಿನಷ್ಟು. ಇರುಳು ಕಳೆದರೆ ಬಾಯಿಗಿಡಲಾಗದ ಹುಳಿ, ಆಮೇಲೆ ವಿನೆಗರ್. ಬೆಳಗಿನ ಹೆಂಡವನ್ನು ನಾಳೆಗೆ ಇಡುವಂತಿಲ್ಲ, ದೂರದ ಊರಿಗೆ ಹೊರುವಂತಿಲ್ಲ. ಇಷ್ಟು ಮರಕ್ಕೆ ಇಷ್ಟು ಗಡಿಗೆ. ಚಳಿಗಾಲದಲ್ಲಿ ಚೆನ್ನಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ಕೈ ಬಿಗಿ ಹಿಡಿಯುತ್ತದೆ. ಕೆಲವು ದಿನ ಕೊಯ್ದ ಮರಕ್ಕೆ ಕೆಲವು ದಿನ ಬಿಡುವು ಕೊಡದಿದ್ದರೆ ಮರ ಸಾಯುತ್ತದೆ. ಹೆಚ್ಚು ಬೇಕು ಎಂದು ಜಗಲಿಯಲ್ಲಿ ಯಾರಾದರೂ ಗದ್ದಲ ಮಾಡಿದರೆ ಯಜಮಾನ್ರು ದನಿ ಏರಿಸದೆ ಹೇಳುತ್ತಿದ್ದ ಮಾತು ಒಂದೇ: “ಮರ ಕೊಟ್ಟಷ್ಟು ಕಣಪ್ಪ. ಅದಕ್ಕಿಂತ ಜಾಸ್ತಿ ನಾನೆಲ್ಲಿಂದ ತರಲಿ?”

ಆ ಜಗಲಿಯಲ್ಲಿ ಕೂರುತ್ತಿದ್ದವರು ಕಲ್ಲು ಕ್ವಾರಿಯ ಕೂಲಿಗಳು, ಕುರಿ ಕಾಯುವವರು, ಸೌದೆ ಹೊರುವವರು, ಮನೆಮನೆ ತಿರುಗಿ ರೇಷ್ಮೆಗೂಡು ಕೊಳ್ಳುವ ದಲ್ಲಾಳಿಗಳು. ಕ್ವಾರಿಯವರಿಂದ ನಾನು ಬಂಡೆ ಸೀಳುವ ವಿದ್ಯೆ ಕೇಳಿ ತಿಳಿದೆ. ಕಲ್ಲಿನ ಎಳೆ ಯಾವ ಕಡೆ ಹರಿದಿದೆ ಎಂದು ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಗುರುತಿಸುವುದು ಹೇಗೆ, ಎಳೆಗೆ ಅಡ್ಡ ಹೊಡೆದರೆ ದಿನದ ದುಡಿಮೆ ಹೇಗೆ ಪುಡಿಯಾಗುತ್ತದೆ ಎಂದು ಅವರು ವಿವರಿಸುತ್ತಿದ್ದರು. ಆನೆ ಇಳಿದಿದ್ದರೆ ಯಾವ ಹಳ್ಳದಲ್ಲಿ ಇಳಿದಿದೆ, ಯಾವ ಹೊತ್ತಿಗೆ ದಾಟುತ್ತದೆ ಎನ್ನುವುದು ಮೊದಲು ತಿಳಿಯುತ್ತಿದ್ದುದೂ ಅಲ್ಲೇ. ಬನ್ನೇರುಘಟ್ಟದಿಂದ ಕಾವೇರಿಯ ಕಾಡಿನವರೆಗೆ ಆನೆಗಳು ಓಡಾಡುವ ದಾರಿ ಆ ಸೀಮೆಯಲ್ಲೇ ಹಾದುಹೋಗುತ್ತದೆ. ಎಷ್ಟೋ ಸಲ ಅವರ ಮಾತು ಕೇಳಿ ನಾವು ದಾರಿ ಬದಲಿಸಿದ್ದೇವೆ. ಬೆಂಗಳೂರಲ್ಲಿ ನನಗೆ ಇಂಥವರ ಜೊತೆ ಸರಿಸಮ ಕೂತು ಮಾತಾಡುವ ಜಾಗ ಇರಲಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ಚಪ್ಪಡಿ, ಒಂದೇ ಅಳತೆಯ ಲೋಟ.

ಆದರೆ ಅಂಗಡಿಯ ನೆನಪೆಂದರೆ ಬರೀ ಗಂಡಸರ ಜಗಲಿಯ ನೆನಪಲ್ಲ. ಬಟವಾಡೆಯ ಶನಿವಾರ ಸಂಜೆ ತೋಪಿನ ಅಂಚಿನಲ್ಲಿ ಹೆಂಗಸರು ಬಂದು ನಿಲ್ಲುತ್ತಿದ್ದರು. ಜಗಲಿಯ ಹತ್ತಿರ ಬರುತ್ತಿರಲಿಲ್ಲ, ಹುಣಸೆ ಮರದ ಕೆಳಗೆ ಸೆರಗು ಬಿಗಿದು ನಿಂತಿರುತ್ತಿದ್ದರು. ಅಕ್ಕ ಒಲೆ ಬಿಟ್ಟು ಎದ್ದು ಅವರ ಹತ್ತಿರ ಹೋಗಿ ಮಾತಾಡಿ ಬಂದು, ಯಾರ್ಯಾರ ಹೆಸರನ್ನೋ ಯಜಮಾನ್ರ ಕಿವಿಗೆ ಹಾಕುತ್ತಿದ್ದರು. ಆ ಹೆಸರಿನವನಿಗೆ ಅವತ್ತು ಒಂದು ಲೋಟದ ಮೇಲೆ ಇಲ್ಲ. ಅವನ ಜೇಬಿನಿಂದ ಯಜಮಾನ್ರೇ ದುಡ್ಡು ಎತ್ತಿ ಅಕ್ಕನ ಕೈಗೆ ಕೊಡುತ್ತಿದ್ದರು, ಅಕ್ಕ ಹುಣಸೆ ಮರದವರೆಗೆ ನಡೆದು ಮುಟ್ಟಿಸುತ್ತಿದ್ದರು. ಒಮ್ಮೊಮ್ಮೆ ಬೈಗುಳ ಏಳುತ್ತಿತ್ತು, ಒಮ್ಮೆ ಕೈ ಕೂಡ ಎತ್ತಿದ್ದರು. ಯಜಮಾನ್ರು ಸಣಕಲು ದೇಹದವರು, ಆದರೂ ಅವರ ಮಾತು ನಡೆಯುತ್ತಿತ್ತು. ಊರವರೆಲ್ಲ ಪರಸ್ಪರ ಬಲ್ಲ ಜಾಗವಾದ್ದರಿಂದ ನಡೆಯುತ್ತಿತ್ತು. ಅಷ್ಟರಿಂದ ಎಲ್ಲ ಮನೆಗಳೂ ಉಳಿದವು ಎಂದು ನಾನು ಹೇಳಲಾರೆ. ಹುಣಸೆ ಮರದ ಕೆಳಗೆ ಬಾರದೆ ಮನೆಯಲ್ಲೇ ಹೆದರಿ ಕೂತವರು ಎಷ್ಟು ಜನವೋ.

ಈ ಏರ್ಪಾಡು ನನ್ನ ಕಣ್ಣೆದುರೇ ಕುಸಿಯಿತು. ಕುಸಿಯಲು ಶುರುವಾದದ್ದು ಸಾರಾಯಿ ಪ್ಯಾಕೆಟ್ಟಿನಿಂದ. ಭಟ್ಟಿ ಇಳಿಸಿದ ಮದ್ಯಸಾರಕ್ಕೆ ನೀರು ಬೆರೆಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಮಾಲು. ಅದಕ್ಕೆ ಮರ ಬೇಡ, ಹೊತ್ತು ಬೇಡ, ಜಗಲಿ ಬೇಡ. ಹಲ್ಲಿನಿಂದ ಮೂಲೆ ಹರಿದು ನಿಂತಲ್ಲೇ ಬಾಯಿಗೆ ಸುರಿದುಕೊಂಡರೆ ಮುಗಿಯಿತು. ಸಾರಾಯಿ ಏನು ಮಾಡಬಲ್ಲದು ಎನ್ನುವುದು ಬೆಂಗಳೂರಿಗೆ ಗೊತ್ತಿಲ್ಲದ್ದಲ್ಲ. 1981ರ ಕಳ್ಳಭಟ್ಟಿ ದುರಂತದಲ್ಲಿ ಈ ನಗರದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಪರವಾನಗಿಯ ಪ್ಯಾಕೆಟ್ಟು ವಿಷವಲ್ಲದಿರಬಹುದು, ಆದರೆ ಅದು ಹಳ್ಳಿಹಳ್ಳಿಯ ಬೀಡಿ ಅಂಗಡಿಗೂ, ಕ್ವಾರಿಯ ಶೆಡ್ಡಿಗೂ, ಕೊನೆಗೆ ಮನೆಯ ಸೂರಿನ ಸಂದಿಗೂ ಹೊಕ್ಕಿತು. ಅಲ್ಲಿ ಸಾಕು ಎನ್ನಲು ಯಜಮಾನ್ರೂ ಇರಲಿಲ್ಲ, ಬಂದು ಕೇಳಲು ಹುಣಸೆ ಮರವೂ ಇರಲಿಲ್ಲ.

ಹೆಂಡವೂ ಕೆಟ್ಟಿತು. ವರ್ಷವರ್ಷ ಹರಾಜಿನಲ್ಲಿ ಕೂಗು ಏರಿದಂತೆ ಗುತ್ತಿಗೆ ಹಿಡಿದವರಿಗೆ ಹಾಕಿದ ದುಡ್ಡು ಎತ್ತಬೇಕು. ಮರ ಅಷ್ಟು ಕೊಡುವುದಿಲ್ಲ. ಪೇಟೆಗಳ ಹೆಂಡದಂಗಡಿಯಲ್ಲಿ ನೀರು, ಸ್ಯಾಕರಿನ್, ಅಮಲಿಗೆ ಕ್ಲೋರಲ್ ಹೈಡ್ರೇಟ್ ಪುಡಿ ಬೆರೆಸಿದ ಹೆಂಡ ಮಾರಾಟಕ್ಕೆ ಬಂತು. ಒಂದು ಮರವನ್ನೂ ಹತ್ತದೆ ಹೆಂಡ ಮಾಡುವ ಕಾಲ ಅದು. ಪುಡಿಯ ಹೆಂಡ ಕುಡಿದು ರೂಢಿಯಾದವರಿಗೆ ತೋಪಿನ ಹೆಂಡ ಸಪ್ಪೆ ಎನಿಸತೊಡಗಿತು. “ಇದೇನ್ ನೀರು ಕೊಡ್ತೀಯಾ?” ಎಂದು ಹರೆಯದವನೊಬ್ಬ ಯಜಮಾನ್ರ ಮುಂದೆ ಲೋಟ ಬೋರಲು ಹಾಕಿ ಎದ್ದು ಹೋದದ್ದನ್ನು ನಾನು ನೋಡಿದ್ದೇನೆ. ಅವರು ಮಾತಾಡಲಿಲ್ಲ. ಲೋಟ ಎತ್ತಿ ತೊಳೆದಿಟ್ಟರು.

2001ರಲ್ಲಿ ನೀರಾ ಎಂಬ ಹೆಸರು ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬಂತು. ನುಸಿ ರೋಗದಿಂದ ತೆಂಗಿನ ಫಸಲು ನೆಲಕಚ್ಚಿ, ಮರದಿಂದ ನೀರಾ ಇಳಿಸಲಾದರೂ ಬಿಡಿ ಎಂದು ರೈತರು ಚಳವಳಿಗೆ ಇಳಿದರು. ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ನಡೆದು ಇಬ್ಬರು ರೈತರು ಪ್ರಾಣ ಬಿಟ್ಟರು. ನಮ್ಮ ತೋಪಿನಿಂದ ಅದು ದೂರದ ಊರಲ್ಲ. ನೀರಾ ಹುಳಿತರೆ ಹೆಂಡ ಎನ್ನುವುದು ಅಬಕಾರಿ ಇಲಾಖೆಯ ವಾದ. ಹುಳಿಯುವ ಮೊದಲು ಅದು ನಮ್ಮ ಬೆಳೆ ಎನ್ನುವುದು ರೈತರ ವಾದ. ತೆಂಗಿನ ನೀರಾ ಇಳಿಸಲು ಸರ್ಕಾರ ಅನುಮತಿ ಕೊಟ್ಟದ್ದು ಅದಾಗಿ ಎಷ್ಟೋ ವರ್ಷದ ಮೇಲೆ.

2004ರಲ್ಲಿ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ರಾಜ್ಯದ ಉಳಿದ ಕಡೆ ಹೆಂಡ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಇದಕ್ಕೆ ಹೆಂಗಸರ ದನಿ ದೊಡ್ಡ ಕಾರಣ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಲು ಎದ್ದಾಗಿನಿಂದ ನಮ್ಮ ಹಳ್ಳಿಗಳಲ್ಲೂ ಆ ಕೂಗು ಬಲವಾಗುತ್ತ ಬಂದಿತ್ತು. ಸಾರಾಯಿ ಹೋಯಿತು ಎಂದು ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಎರಡೆರಡು ನಿಷೇಧಗಳಾದ ಮೇಲೂ ಅವರ ಮನೆಗೆ ನೆಮ್ಮದಿ ಬಂದಿರಲಿಲ್ಲ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಅಂಗಡಿ ಮುಚ್ಚಿದ ಮೇಲೆ, ಕೆಲವು ವರ್ಷ ಕಳೆದು, ನಾನು ಆ ಜಾಡಿನಲ್ಲಿ ಮತ್ತೆ ಹೋದೆ. ಯಜಮಾನ್ರು ತೀರಿಕೊಂಡಿದ್ದರು. ಮಾಡು ಕುಸಿದು, ಗೋಡೆ ಮಳೆಗೆ ಕರಗಿ, ಚಪ್ಪಡಿಗಳನ್ನು ಯಾರೋ ಕಿತ್ತು ಸಾಗಿಸಿದ್ದರು. ಮರಗಳು ಮಾತ್ರ ಇದ್ದವು. ಈಚಲ ಮರ ಓದಲು ಬರುವವರಿಗೆ ಅಲ್ಲೊಂದು ಚರಿತ್ರೆಯೇ ಇತ್ತು. ಒಂದು ವರ್ಷ ಒಂದು ಬದಿಗೆ ಕೊಯ್ದರೆ ಮರುವರ್ಷ ಎದುರು ಬದಿಗೆ ಕೊಯ್ಯುವುದು ಪದ್ಧತಿ. ಗಾಯ ಮಾಯ್ದು ಮರ ಮೇಲೆ ಬೆಳೆದಂತೆ ಕಾಂಡದಲ್ಲಿ ಎಡಕ್ಕೊಂದು ಬಲಕ್ಕೊಂದು ಕಚ್ಚು ಉಳಿಯುತ್ತದೆ. ಒಂದೊಂದು ಕಚ್ಚೂ ಒಂದೊಂದು ಹಂಗಾಮು. ಎದೆಯೆತ್ತರದಿಂದ ಮೇಲಕ್ಕೆ ಕಚ್ಚುಗಳನ್ನು ಬೆರಳಿನಿಂದ ಮುಟ್ಟುತ್ತ ನೋಡಿದೆ. ಯಜಮಾನ್ರ ಕತ್ತಿಯವು ಕೆಲವು. ಅವುಗಳಿಗಿಂತ ಕೆಳಗೆ, ಹಳೆಯ ಮರಗಳಲ್ಲಿ, ಅವರ ತಂದೆಯವು. ಕೊನೆಯ ಕಚ್ಚಿನ ಮೇಲೆ ಕಾಂಡ ನೇರವಾಗಿ, ಒಂದು ಗಾಯವಿಲ್ಲದೆ ಬೆಳೆದಿತ್ತು. ಅಷ್ಟು ಉದ್ದ, ಅಷ್ಟು ವರ್ಷ ಯಾರೂ ಹತ್ತಿರಲಿಲ್ಲ.

ಅಕ್ಕ ಊರೊಳಗೆ ಮಗನ ಮನೆಯಲ್ಲಿದ್ದರು. ಈಚಲ ಗರಿ ಸೀಳಿ ಪೊರಕೆ ಕಟ್ಟುತ್ತ ಕೂತಿದ್ದರು. ಗುರುತು ಹಿಡಿದು, ಮಕ್ಕಳೆಷ್ಟು, ತಾಯಿ ಹೇಗಿದ್ದಾರೆ ಎಂದೆಲ್ಲ ವಿಚಾರಿಸಿದರು. ಅಂಗಡಿಯ ಮಾತು ತೆಗೆದಾಗ ಅವರು ಹೇಳಿದ್ದು ನನಗೆ ಮಾತುಮಾತೂ ನೆನಪಿದೆ. “ಮುಚ್ಚಿದ್ದು ಒಳ್ಳೇದೇ ಆಯ್ತು ಕಣಪ್ಪ. ಪ್ಯಾಕೆಟ್ಟು ಬಂದ್ಮೇಲೆ ನಾನೇ ಮುಚ್ಚಿ ಅಂತಿದ್ದೆ. ನಮ್ಮ ಹತ್ರ ಒಂದು ಲೋಟ ಕುಡಿದು, ಆಚೆಗೆ ಹೋಗಿ ಅದನ್ನ ಕುಡಿದು ಬಿದ್ರೆ ಕೆಟ್ಟ ಹೆಸರು ನಮಗೇ ಬರೋದು. ಆದ್ರೆ ಮರ ಹತ್ತೋದು ನನ್ನ ಮಕ್ಳಿಗೆ ಗೊತ್ತಿಲ್ಲ. ಅದೊಂದೇ ನಂಗೆ ಸಂಕಟ.”

ಈಗ ಹಸಿರು ಮಾರ್ಗದ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಓಡುತ್ತದೆ. ಕನಕಪುರ ರಸ್ತೆ ಅಗಲವಾದ ರಾಷ್ಟ್ರೀಯ ಹೆದ್ದಾರಿ 948, ಹಾರೋಹಳ್ಳಿ ದೊಡ್ಡ ಕೈಗಾರಿಕಾ ಪ್ರದೇಶ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಆ ತೋಪೂ ನಮ್ಮ ಜಯನಗರದ ಹಾಗೆ ಬೆಂಗಳೂರಿನೊಳಗೇ ಸೇರಿದಂತಾಯಿತು. ಬಂಡಿ ಜಾಡು ಟಾರು ರಸ್ತೆಯಾಗಿದೆ, ಎರಡೂ ಬದಿ ಫಾರ್ಮ್‌ಹೌಸುಗಳ ಕಾಂಪೌಂಡು. ತೋಪಿನಲ್ಲಿ ಅರ್ಧದಷ್ಟು ಮರ ಹೋಗಿವೆ. ಉಳಿದವು ಹಳ್ಳದ ದಂಡೆಯಲ್ಲಿರುವುದರಿಂದ ಉಳಿದಿವೆ.

ಅಂಗಡಿ ಮತ್ತೆ ತೆರೆಯಲಿ ಎಂದು ನಾನು ಕೇಳುತ್ತಿಲ್ಲ. ಹುಣಸೆ ಮರದ ಕೆಳಗೆ ನಿಂತಿದ್ದವರನ್ನು ಕಂಡವನು ಹಾಗೆ ಸುಲಭಕ್ಕೆ ಕೇಳಲಾರ. ಆದರೆ ಹೆಂಡ, ಸಾರಾಯಿ, ವಿಸ್ಕಿ ಎಲ್ಲವನ್ನೂ ಕುಡಿತ ಎಂಬ ಒಂದೇ ಹೆಸರಲ್ಲಿ ಕೂಡಿಸಿ ಮಾತಾಡುವಾಗ ನನಗೆ ಒಪ್ಪಿಗೆಯಾಗುವುದಿಲ್ಲ. ತೋಪಿನ ಹೆಂಡಕ್ಕೆ ಮಿತಿ ಇತ್ತು, ಆ ಮಿತಿ ಕಾನೂನು ಹಾಕಿದ್ದಲ್ಲ. ಮರ ಕೊಡುವಷ್ಟೇ ಸಿಗುತ್ತಿತ್ತು, ಹೊತ್ತು ಇರುವಷ್ಟೇ ಬಾಳುತ್ತಿತ್ತು, ಕುಡಿಸುವವನಿಗೆ ಕುಡಿಯುವವನ ಮನೆ ಗೊತ್ತಿತ್ತು. ಈ ಮೂರೂ ಕಳಚಿದ ಮೇಲೆ ಅದು ಬರೀ ವ್ಯಾಪಾರವಾಯಿತು. ನಿಷೇಧ ಬಂದು ಬೀಗ ಹಾಕುವ ಹೊತ್ತಿಗೆ ಅಂಗಡಿ ಒಳಗಿಂದಲೇ ಸತ್ತಿತ್ತು.

ಮರ ಹತ್ತಿ ಬಲ್ಲವರು ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆ ಇನ್ನೂ ಅಲ್ಲಲ್ಲಿ ಇದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಕತ್ತಿ ಯಾವ ಕೋನದಲ್ಲಿ ಹಿಡಿಯಬೇಕು, ಯಾವ ಮರಕ್ಕೆ ಎಷ್ಟು ಬಿಡುವು, ಗಡಿಗೆಗೆ ಎಷ್ಟು ಸುಣ್ಣ ಎನ್ನುವುದನ್ನೆಲ್ಲ ಅವರಿಂದ ಕೇಳಿ ಬರೆದಿಡಲು ನಮಗಿರುವ ಸಮಯ ಕಡಿಮೆ. ತೆಂಗಿಗೆ ಕೊಟ್ಟ ಹಾಗೆ ಈಚಲಿಗೂ ನೀರಾ ಇಳಿಸುವ ದಾರಿ ಮಾಡಿಕೊಟ್ಟರೆ ಅಕ್ಕನ ಮೊಮ್ಮಕ್ಕಳಲ್ಲಿ ಒಬ್ಬನಾದರೂ ಹಗ್ಗ ಹಿಡಿಯಬಹುದು. ಬೆಳಗಿನ ಜಾವ ನಾನು ಕುಡಿದ ಆ ಒಂದು ಲೋಟದಲ್ಲಿ ಅಮಲಿರಲಿಲ್ಲ. ಅದನ್ನು ಕಳೆದುಕೊಳ್ಳಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.